ಮೊಲೆತೊಟ್ಟಿನ ಕಸಿ: ಆಪರೇಷನ್ ವಿದೇಶದಲ್ಲಿ, ಆರೈಕೆ ಮನೆಯಲ್ಲಿ

ಎದೆಯ ಶಸ್ತ್ರಚಿಕಿತ್ಸೆಯ ನಂತರ ಮೊಲೆತೊಟ್ಟನ್ನು ಮತ್ತೆ ರೂಪಿಸುವ ಬಗ್ಗೆ ಬಂದ ನಾಲ್ಕು ಪತ್ರಗಳಿಗೆ ಈ ಸಲ ಉತ್ತರ ಬರೆದಿದ್ದೇನೆ. ನಾಲ್ವರೂ ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ, ಹಾಕಿಲ್ಲ. ಇಂಥ ಪ್ರಶ್ನೆಯನ್ನು ಕೇಳುವುದಕ್ಕೇ ಸಂಕೋಚಪಟ್ಟು ಸುಮ್ಮನಿರುವವರು ಇನ್ನೂ ಹಲವರಿದ್ದಾರೆ ಎಂಬುದು ನನಗೆ ಗೊತ್ತು. ಅವರಿಗೂ ಇದು ಉಪಯೋಗಕ್ಕೆ ಬರಲಿ.

ಪ್ರಶ್ನೆ: ನಮ್ಮದು ಶಿವಮೊಗ್ಗ ಹತ್ತಿರದ ಹಳ್ಳಿ. ಹೆಣ್ಣೆಂದು ಬೆಳೆಸಿದ ನಮ್ಮ ಮಗು ಈಗ ಗಂಡಾಗಿ ಬಾಳುತ್ತಿದ್ದಾನೆ. ಒಪ್ಪಿಕೊಳ್ಳಲು ಸಮಯ ಹಿಡಿಯಿತು. ಈಗ ನಾವು ಮಗ ಅಂತಲೇ ಕರೆಯುತ್ತೇವೆ. ಮುಂದಿನ ತಿಂಗಳು ಬ್ಯಾಂಕಾಕಿಗೆ ಹೋಗಿ ಎದೆಯ ಆಪರೇಷನ್ ಮಾಡಿಸಿಕೊಳ್ಳುತ್ತಾನಂತೆ. ಮೊಲೆತೊಟ್ಟನ್ನು ಪೂರ್ತಿ ಬಿಡಿಸಿ ತೆಗೆದು ಮತ್ತೆ ಕೂರಿಸುತ್ತಾರಂತೆ. ಒಂದೇ ವಾರಕ್ಕೆ ವಾಪಸ್ ಬರುತ್ತೇನೆ ಎನ್ನುತ್ತಾನೆ. ತೆಗೆದದ್ದು ಮತ್ತೆ ಹತ್ತುತ್ತದೆಯೇ? ಉದುರಿಹೋದರೆ ಏನು ಗತಿ?

ಉತ್ತರ: ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ಮಗನ ಜೊತೆ ನೀವು ನಿಂತಿದ್ದೀರಿ. ಅವನು ವಾಸಿಯಾಗುವುದರಲ್ಲಿ ಅದರ ಪಾಲು ದೊಡ್ಡದು.

ತೆಗೆದ ತೊಟ್ಟು ಹತ್ತುತ್ತದೆಯೇ ಎಂದು ಕೇಳಿದ್ದೀರಿ. ಬಹುಪಾಲು ಜನರಲ್ಲಿ ಹತ್ತುತ್ತದೆ. ಎದೆಯ ಭಾಗ ದೊಡ್ಡದಾಗಿದ್ದಾಗ ಮಾತ್ರ ತೊಟ್ಟನ್ನು ಪೂರ್ತಿ ಬಿಡಿಸಬೇಕಾಗುತ್ತದೆ. ಚಿಕ್ಕದಾಗಿದ್ದರೆ ಅದರ ನರ, ರಕ್ತನಾಳಗಳ ಸಂಬಂಧ ಕಡಿಯದೆಯೇ ಕೆಲಸ ಮುಗಿಸಬಹುದು. ನಿಮ್ಮ ಮಗನಿಗೆ ಮಾಡುವುದು ಮೊದಲನೆಯ ಬಗೆ. ಇದಕ್ಕೆ ಫ್ರೀ ನಿಪ್ಪಲ್ ಗ್ರಾಫ್ಟ್ (ಬಿಡಿಸಿ ತೆಗೆದ ತೊಟ್ಟನ್ನು ಹೊಸ ಜಾಗಕ್ಕೆ ಚರ್ಮದಂತೆ ಕಸಿ ಮಾಡುವುದು) ಎನ್ನುತ್ತಾರೆ. ತೊಟ್ಟು ಮತ್ತು ಸುತ್ತಲಿನ ಕಪ್ಪು ವೃತ್ತವನ್ನು ತೆಗೆದು, ಹಿಂಬದಿಯ ಕೊಬ್ಬನ್ನು ಕೆರೆದು ತೆಳುವಾಗಿಸಿ, ಗಂಡಸಿನ ಎದೆಗೆ ಒಪ್ಪುವ ಅಳತೆಗೆ ಕತ್ತರಿಸಿ ಹೊಸ ಜಾಗದಲ್ಲಿ ಹೊಲಿಯುತ್ತಾರೆ.

ನೀವು ಗದ್ದೆಯವರು, ನಾಟಿ ಮಾಡಿದ ಸಸಿ ಮೊದಲ ಕೆಲವು ದಿನ ಬಾಡಿದ ಹಾಗೆ ಕಂಡು ಆಮೇಲೆ ಬೇರು ಬಿಡುವುದನ್ನು ನೋಡಿದ್ದೀರಿ. ಇಲ್ಲೂ ಹಾಗೆಯೇ. ಮೊದಲ ಎರಡು ದಿನ ಆ ತುಂಡು ಚರ್ಮಕ್ಕೆ ತನ್ನದೇ ರಕ್ತಸಂಚಾರ ಇರುವುದಿಲ್ಲ, ಕೆಳಗಿನ ಗಾಯದಿಂದ ಒಸರುವ ದ್ರವವನ್ನು ಹೀರಿಕೊಂಡು ಬದುಕುತ್ತದೆ. ಎರಡು-ಮೂರನೆಯ ದಿನದ ಹೊತ್ತಿಗೆ ಸೂಕ್ಷ್ಮ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಳ್ಳತೊಡಗುತ್ತವೆ. ಐದರಿಂದ ಏಳನೆಯ ದಿನದೊಳಗೆ ರಕ್ತ ಹರಿಯುತ್ತದೆ. ಅಲ್ಲಿಯವರೆಗೆ ಆ ತುಂಡು ಕೂದಲೆಳೆಯಷ್ಟೂ ಜರುಗಬಾರದು, ಅದರಡಿ ರಕ್ತವೋ ನೀರೋ ತುಂಬಬಾರದು. ಅದಕ್ಕಾಗಿ ಮೇಲೆ ಬೋಲ್ಸ್ಟರ್ (ಹತ್ತಿ ಅಥವಾ ಗಾಜ್ ಬಟ್ಟೆಯ ಉಂಡೆಯನ್ನು ಹೊಲಿಗೆಯ ದಾರದಿಂದಲೇ ಅದುಮಿ ಕಟ್ಟುವುದು) ಇಟ್ಟಿರುತ್ತಾರೆ. ಅದನ್ನು ಸಾಮಾನ್ಯವಾಗಿ ಐದರಿಂದ ಏಳನೆಯ ದಿನ ಬಿಚ್ಚುತ್ತಾರೆ. ಬಿಚ್ಚುವವರು ಕಟ್ಟಿದ ಡಾಕ್ಟರೇ ಆಗಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಊರಿಗೆ ಬಂದು ಬಿಚ್ಚಿಸಿಕೊಳ್ಳೋಣ ಎಂಬ ಯೋಚನೆ ಬೇಡ.

ಹಾಗಾಗಿ ಒಂದು ವಾರ ಸಾಲದು. ಕನಿಷ್ಠ ಹತ್ತು ದಿನ, ಸಾಧ್ಯವಾದರೆ ಎರಡು ವಾರ ಅಲ್ಲಿರಲಿ. ಬೋಲ್ಸ್ಟರ್ ಬಿಚ್ಚಿದ ಮೇಲೆ ಒಮ್ಮೆಯಾದರೂ ಡಾಕ್ಟರ್ ಎದೆ ನೋಡಿ, ಹೊರಡಬಹುದು ಎಂದು ಹೇಳಬೇಕು. ವಾಪಸ್ ಬರುವ ದಿನ ಬದಲಾಯಿಸಲು ಸಾಧ್ಯವಿರುವ ಟಿಕೆಟ್ಟನ್ನೇ ತೆಗೆಯಲು ಹೇಳಿ. ಅದಕ್ಕೆ ಸ್ವಲ್ಪ ಹೆಚ್ಚು ಖರ್ಚಾದರೂ ಆಗಲಿ. ಮೊದಲ ಒಂದೆರಡು ದಿನದಲ್ಲಿ ಎದೆಯ ಒಂದು ಬದಿ ಇದ್ದಕ್ಕಿದ್ದಂತೆ ಬಿಗಿದು ಊದಿ ನೋಯತೊಡಗಿದರೆ ಒಳಗೆ ರಕ್ತ ಕಟ್ಟಿದೆ ಎಂದು ಅರ್ಥ, ಆಗ ತಕ್ಷಣ ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಹೋಟೆಲ್ ರೂಮಿನಲ್ಲಿ ಅವನೊಬ್ಬನೇ ಇರಬಾರದು. ಸ್ನೇಹಿತರೊಬ್ಬರು ಜೊತೆಗೆ ಹೋಗಲೇಬೇಕು.

ಉದುರಿದರೆ ಎಂಬ ಭಯಕ್ಕೆ ಬರುತ್ತೇನೆ. ಅಂಚಿನಲ್ಲೋ ತುದಿಯಲ್ಲೋ ಒಂದಿಷ್ಟು ಭಾಗ ಹತ್ತದಿರುವುದುಂಟು. ಅದು ತಾನೇ ಮಾಯುತ್ತದೆ. ಪೂರ್ತಿ ಹೋಗುವುದು ಅಪರೂಪ, ಹೋದರೂ ಮುಂದೆ ಹೊಸದಾಗಿ ಮಾಡಬಹುದು. ಈ ಅಪಾಯವನ್ನು ಎಲ್ಲಕ್ಕಿಂತ ಹೆಚ್ಚಿಸುವುದು ನಿಕೋಟಿನ್, ಏಕೆಂದರೆ ಅದು ಸೂಕ್ಷ್ಮ ರಕ್ತನಾಳಗಳನ್ನು ಬಿಗಿಯುತ್ತದೆ. ಸಿಗರೇಟು, ವೇಪ್, ಗುಟ್ಕಾ, ಹೊಗೆಸೊಪ್ಪು ಹಾಕಿದ ಕವಳ ಎಲ್ಲವನ್ನೂ ಆಪರೇಷನ್ನಿಗೆ ನಾಲ್ಕು ವಾರ ಮೊದಲೇ ಬಿಡಬೇಕು, ಆಮೇಲೂ ನಾಲ್ಕು ವಾರ ಮುಟ್ಟಬಾರದು. ನಿಮ್ಮ ಮಗನಿಗೆ ಅಭ್ಯಾಸವಿದೆಯೋ ಇಲ್ಲವೋ ತಿಳಿಯದು. ಇದ್ದರೆ ಇವತ್ತೇ ಬಿಡಿಸಿ.

ಅವನಿಗೆ ಗೊತ್ತಿರಬೇಕಾದ ಇನ್ನೂ ಮೂರು ಮಾತುಗಳಿವೆ. ಕಸಿ ಮಾಡಿದ ತೊಟ್ಟಿನಲ್ಲಿ ಸ್ಪರ್ಶಜ್ಞಾನ ಮೊದಲಿನಂತೆ ಇರುವುದಿಲ್ಲ, ಕೆಲವರಿಗೆ ಸ್ವಲ್ಪ ಮರಳುತ್ತದೆ. ಆ ತೊಟ್ಟಿನಿಂದ ಮುಂದೆ ಹಾಲೂಡಿಸಲು ಆಗುವುದಿಲ್ಲ. ಎದೆಯಲ್ಲಿ ಸ್ತನದ ಅಂಶ ಸ್ವಲ್ಪ ಉಳಿದೇ ಇರುತ್ತದೆ, ಆದ್ದರಿಂದ ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಲಿ.

ಮಗ ಊರಿಗೆ ಬಂದ ಮೇಲೆ ನಿಮ್ಮ ಕೆಲಸ ಶುರು. ಮೊದಲ ಮೂರು-ನಾಲ್ಕು ವಾರ ಅವನು ತೋಳನ್ನು ಭುಜದಿಂದ ಮೇಲಕ್ಕೆ ಎತ್ತಬಾರದು. ಲೋಟ, ತಟ್ಟೆ, ಸೋಪು, ಟವೆಲ್ಲು, ಫೋನ್ ಚಾರ್ಜರ್ ಎಲ್ಲವನ್ನೂ ಸೊಂಟದ ಎತ್ತರಕ್ಕೆ ಇಳಿಸಿಡಿ. ತಲೆಯ ಮೇಲಿಂದ ಹಾಕುವ ಬನಿಯನ್ ಬೇಡ, ಮುಂದೆ ಗುಂಡಿ ಇರುವ ಅಂಗಿ ಇರಲಿ. ಬೆನ್ನಿನ ಮೇಲೆ, ಎರಡು ದಿಂಬು ಒರಗಿಸಿಕೊಂಡು ಮಲಗಲಿ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ನಾಟಿ ಔಷಧಿ ಏನನ್ನೂ ಹಚ್ಚಬೇಡಿ. ಪ್ರೀತಿಯಿಂದಲೇ ಹಚ್ಚುತ್ತೀರಿ, ಆದರೆ ಹಸಿ ಕಸಿಗೆ ಅದರಿಂದ ಸೋಂಕು ತಗಲಬಹುದು.

ಪ್ರಶ್ನೆ: ನಾನು ದಾವಣಗೆರೆಯವನು, ಟ್ರಾನ್ಸ್ ಪುರುಷ, ವಯಸ್ಸು 24. ವಿದೇಶದಲ್ಲಿ ಎದೆಯ ಆಪರೇಷನ್ ಆಗಿ ಹದಿನಾರು ದಿನ. ಬಲ ತೊಟ್ಟು ಕಪ್ಪಗೆ ಗಟ್ಟಿಯಾಗಿದೆ. ಎಡದ್ದರ ಮೇಲಿನ ಪದರ ಅರ್ಧ ಕಿತ್ತು ಬಂದು ಕೆಳಗೆ ಬಿಳಿ-ಗುಲಾಬಿ ಕಾಣುತ್ತಿದೆ. ಕೊಳೆತುಹೋಯಿತೇ? ರಾತ್ರಿ ನಿದ್ದೆ ಬರುತ್ತಿಲ್ಲ. ಇಲ್ಲಿ ಯಾರಿಗೆ ತೋರಿಸಲಿ, ಏನೆಂದುಕೊಳ್ಳುತ್ತಾರೋ ಎಂದು ಹೆದರಿಕೆ.

ಉತ್ತರ: ನೀವು ಬರೆದಿರುವ ಎರಡೂ ಲಕ್ಷಣಗಳು ಎರಡು-ಮೂರನೆಯ ವಾರದಲ್ಲಿ ಸಾಮಾನ್ಯವಾಗಿ ಕಾಣುವಂಥವು. ಆದರೂ ಕನ್ನಡಿಯಲ್ಲಿ ಅದನ್ನು ನೋಡಿದವರಿಗೆ ಎದೆ ಧಸಕ್ಕೆನ್ನುವುದು ಸಹಜ.

ಕಸಿ ಹತ್ತುವಾಗ ಮೇಲಿನ ತೆಳು ಪದರ ಸತ್ತು ಕಪ್ಪು ಹಕ್ಕಳೆಯಾಗುತ್ತದೆ. ಅದರಡಿಯಲ್ಲಿ ಚರ್ಮದ ಆಳದ ಪದರ ಜೀವಂತವಾಗಿರುತ್ತದೆ. ಹಕ್ಕಳೆ ತಾನಾಗಿ ಉದುರಿದಾಗ ಕೆಳಗೆ ಕಾಣುವ ಗುಲಾಬಿ ಬಣ್ಣವೇ ಹೊಸ ಚರ್ಮ. ನಿಮ್ಮ ಎಡಭಾಗ ಈಗ ಈ ಹಂತದಲ್ಲಿದೆ ಎಂದು ನಿಮ್ಮ ವಿವರಣೆಯಿಂದ ತೋರುತ್ತದೆ, ಬಲಭಾಗ ಸ್ವಲ್ಪ ಹಿಂದಿರಬಹುದು. ಎರಡೂ ಒಂದೇ ವೇಗದಲ್ಲಿ ಮಾಯಬೇಕೆಂದಿಲ್ಲ. ಬಲಗಡೆ ಆಳದವರೆಗೂ ಹೋಗಿದೆಯೇ ಎಂಬುದನ್ನು ಮಾತ್ರ ಕಣ್ಣಿಂದ ನೋಡದೆ, ಮುಟ್ಟದೆ ಹೇಳಲಾಗದು. ಆದ್ದರಿಂದ ಈ ವಾರದಲ್ಲೇ ತೋರಿಸಿಕೊಳ್ಳಿ.

ಅಲ್ಲಿಯವರೆಗೆ ಹಕ್ಕಳೆಯನ್ನು ಕೀಳಬೇಡಿ, ಇನ್ನೊಬ್ಬರಿಗೂ ಕೀಳಲು ಬಿಡಬೇಡಿ. ಅಂಟಿದ ಗಾಜ್ ಬಟ್ಟೆಯನ್ನು ಒಣಗಿದ್ದಾಗ ಎಳೆದರೆ ಹೊಸ ಚರ್ಮವೂ ಅದರ ಜೊತೆ ಬರುತ್ತದೆ. ಕುದಿಸಿ ಆರಿಸಿದ ನೀರಿನಿಂದಲೋ ಸಲೈನಿನಿಂದಲೋ ನೆನೆಸಿ ನಿಧಾನಕ್ಕೆ ಬಿಡಿಸಿ. ನಿಮ್ಮ ಸರ್ಜನ್ ಕೊಟ್ಟ ಮುಲಾಮನ್ನು ತೆಳುವಾಗಿ ಹಚ್ಚಿ, ಅಂಟದ ಡ್ರೆಸ್ಸಿಂಗ್ (ಪ್ಯಾರಾಫಿನ್ ಗಾಜ್) ಇಟ್ಟು ಮುಚ್ಚಿ. ದಿನಾ ಒಂದೇ ಹೊತ್ತಿನಲ್ಲಿ, ಒಂದೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು ಅವರಿಗೆ ಕಳಿಸಿ.

ಕೆಟ್ಟ ವಾಸನೆ, ಕೀವು, ದಿನದಿಂದ ದಿನಕ್ಕೆ ಹರಡುವ ಕೆಂಪು, ಹೆಚ್ಚುತ್ತಿರುವ ನೋವು, ಚಳಿಜ್ವರ ಇವುಗಳಲ್ಲಿ ಯಾವುದು ಕಂಡರೂ ವಾರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಪ್ಲಾಸ್ಟಿಕ್ ಸರ್ಜನ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಜನರಲ್ ಸರ್ಜನ್ ಸಾಕು. ಜನ ಏನೆಂದುಕೊಳ್ಳುತ್ತಾರೋ ಎಂದು ಬರೆದಿದ್ದೀರಿ. ಆ ಭಯಕ್ಕೆ ಕಾರಣವಿದೆ. ನಮ್ಮ ವೈದ್ಯ ವೃತ್ತಿಯಲ್ಲೂ ಎಲ್ಲರ ಮಾತು ಒಂದೇ ರೀತಿ ಇರುವುದಿಲ್ಲ. ಒಳಗೆ ಹೋಗುತ್ತಲೇ ಡಿಸ್ಚಾರ್ಜ್ ಸಮ್ಮರಿ ಮುಂದಿಟ್ಟು, "ನನಗೆ ಎದೆಯ ಆಪರೇಷನ್ ಆಗಿದೆ, ತೊಟ್ಟಿನ ಕಸಿ ನೋಡಬೇಕು" ಎಂದಷ್ಟೇ ಹೇಳಿ. ಗಾಯ ನೋಡಲು ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ನಂಬಿಕೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಇನ್ನೊಂದು ವಿಷಯವನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ, ನೆನಪಿರಲಿ ಎಂದು ಹೇಳುತ್ತಿದ್ದೇನೆ. ಮಾಯ್ದ ಗಾಯದ ಗೆರೆಯಲ್ಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಗಂಟು ಬಂದು ಒಸರತೊಡಗಿ, ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಬಗ್ಗದಿದ್ದರೆ ಅದು ಕ್ಷಯರೋಗಾಣುವಿನ ಬಳಗಕ್ಕೆ ಸೇರಿದ, ಆದರೆ ಕ್ಷಯವಲ್ಲದ ಮೈಕೋಬ್ಯಾಕ್ಟೀರಿಯಾದ ಸೋಂಕು ಇರಬಹುದು. 2013-14ರಲ್ಲಿ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಅಮೆರಿಕದ ಹಲವು ಮಹಿಳೆಯರಲ್ಲಿ ಇದು ಕಾಣಿಸಿಕೊಂಡಿತ್ತು. ಇದು ಯಾವ ದೇಶದಲ್ಲಾದರೂ ಆಗಬಹುದು, ನಮ್ಮಲ್ಲೂ. ಆದ್ದರಿಂದ ಗಂಟು ಕಂಡರೆ, ವಿದೇಶದಲ್ಲಿ ಆಪರೇಷನ್ ಆಗಿದ್ದನ್ನು ಡಾಕ್ಟರಿಗೆ ತಿಳಿಸಿ, ಈ ರೋಗಾಣುವಿಗಾಗಿಯೂ ಕಲ್ಚರ್ (ಕೀವಿನಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿಸಲು ಕೇಳಿ.

ಬಣ್ಣದ ಚಿಂತೆ ಈಗಲೇ ಬೇಡ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕಸಿ ಮಾಡಿದ ತೊಟ್ಟಿನ ಮೇಲೆ ಬಿಳಿ ಮಚ್ಚೆ ಉಳಿದರೆ ಎದ್ದು ಕಾಣುತ್ತದೆ ನಿಜ. ಬಣ್ಣ ನಿಧಾನವಾಗಿ, ಆರು ತಿಂಗಳಿಂದ ಒಂದು ವರ್ಷದವರೆಗೂ ತುಂಬುತ್ತ ಹೋಗುತ್ತದೆ. ಆಮೇಲೂ ಉಳಿದ ಮಚ್ಚೆಯನ್ನು ವೈದ್ಯಕೀಯ ಹಚ್ಚೆಯಿಂದ ಮುಚ್ಚಬಹುದು. ಅಲ್ಲಿಯವರೆಗೆ ಆ ಭಾಗಕ್ಕೆ ಬಿಸಿಲು ತಾಕದಂತೆ ನೋಡಿಕೊಳ್ಳಿ.

ಪ್ರಶ್ನೆ: ಮಸ್ಕತ್‌ನಲ್ಲಿ ಶಿಕ್ಷಕಿ, ವಯಸ್ಸು 52. ಎರಡು ವರ್ಷದ ಹಿಂದೆ ಕ್ಯಾನ್ಸರಿಗಾಗಿ ಎಡಸ್ತನ ತೆಗೆದು, ಹೊಟ್ಟೆಯ ಚರ್ಮ-ಕೊಬ್ಬಿನಿಂದ ಮಂಗಳೂರಿನಲ್ಲಿ ಹೊಸ ಸ್ತನ ಮಾಡಿದರು. ರೇಡಿಯೇಷನ್ ಆಗಿಲ್ಲ. ಈಗ ಮೂರು ವಾರದ ರಜೆಯಲ್ಲಿ ಊರಿಗೆ ಬಂದಾಗ ತೊಟ್ಟನ್ನೂ ಮಾಡಿಸಿಕೊಳ್ಳುವ ಆಸೆ. "ಈ ವಯಸ್ಸಿನಲ್ಲಿ ಯಾಕೆ?" ಎನ್ನುತ್ತಾರೆ ಮನೆಯವರು. ಕೇಳಿದ್ದೇ ತಪ್ಪೇ?

ಉತ್ತರ: ಖಂಡಿತ ತಪ್ಪಲ್ಲ. ಸ್ನಾನ ಮಾಡುವಾಗ ದಿನಾ ಕಣ್ಣಿಗೆ ಬೀಳುವುದು ನಿಮ್ಮ ದೇಹ. ಅದು ಪೂರ್ಣವಾಗಿ ಕಾಣಲಿ ಎಂಬ ಆಸೆಗೆ ವಯಸ್ಸಿನ ಲೆಕ್ಕವಿಲ್ಲ. ನಿಮ್ಮ ಮನೆಯವರು ಬಹುಶಃ ಇನ್ನೊಂದು ಆಪರೇಷನ್ ಎಂಬ ಮಾತಿಗೇ ಹೆದರಿರಬಹುದು. ಇದು ಚಿಕ್ಕದು ಎಂದು ಅವರಿಗೆ ತಿಳಿಸಿ ಹೇಳಿ.

ಸ್ತನದ ಮೇಲಿನ ಚರ್ಮವನ್ನೇ ಸಣ್ಣ ರೆಕ್ಕೆಗಳಂತೆ ಎತ್ತಿ, ಸುತ್ತಿ, ಹೊಲಿದು ತೊಟ್ಟು ಮಾಡುತ್ತಾರೆ. ಇದಕ್ಕೆ ಲೋಕಲ್ ಫ್ಲ್ಯಾಪ್ (ಅಲ್ಲಿಯದೇ ರಕ್ತಸಂಚಾರ ಇರುವ ಚರ್ಮದ ಮಡಿಕೆ) ಎನ್ನುತ್ತೇವೆ. ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಬಹುದು, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಹೊಸ ಸ್ತನ ತನ್ನ ಆಕಾರಕ್ಕೆ ನಿಲ್ಲಲು ಮೂರರಿಂದ ಆರು ತಿಂಗಳು ಬೇಕು. ನಿಮಗೆ ಎರಡು ವರ್ಷ ಆಗಿದೆ, ಹಾಗಾಗಿ ಆ ತೊಂದರೆ ಇಲ್ಲ.

ಮೊದಲ ದಿನ ನೋಡಿದಾಗ "ಇಷ್ಟು ದೊಡ್ಡದೇ?" ಎನಿಸುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ, ಏಕೆಂದರೆ ಒಂದು ವರ್ಷದೊಳಗೆ ಅದರ ಎತ್ತರ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ತಗ್ಗುತ್ತದೆ. ಅದುಮದಂತೆ ಸುತ್ತ ಬಳೆಯಾಕಾರದ ಮೆತ್ತೆ ಇಟ್ಟು ಡ್ರೆಸ್ಸಿಂಗ್ ಮಾಡುತ್ತಾರೆ. ಕೆಲವು ವಾರ ಬಿಗಿಯಾದ ಬ್ರಾ ಬೇಡ.

ರಜೆಗೆ ಬಂದ ಮೊದಲ ವಾರದಲ್ಲೇ ಮಾಡಿಸಿದರೆ ಹೊಲಿಗೆ ಬಿಚ್ಚಿಸಿಕೊಂಡೇ ಹೊರಡಬಹುದು. ಸುತ್ತಲಿನ ಕಪ್ಪು ವೃತ್ತವನ್ನು ಹಚ್ಚೆಯಿಂದ ಮಾಡಬೇಕು. ಅದಕ್ಕೆ ಗಾಯ ಪೂರ್ತಿ ಮಾಗಿ ಸುಮಾರು ಮೂರು ತಿಂಗಳು ಕಳೆಯಬೇಕು, ಆದ್ದರಿಂದ ಅದನ್ನು ಮುಂದಿನ ರಜೆಗೆ ಇಟ್ಟುಕೊಳ್ಳಿ. ಇನ್ನೊಂದು ಸಲ ಕತ್ತಿ ತಾಗುವುದೇ ಬೇಡ ಎನಿಸಿದರೆ ಹಚ್ಚೆಯೊಂದೇ ಸಾಕು. ನುರಿತ ಕೈ ನೆರಳು-ಬೆಳಕು ತುಂಬಿ ಬರೆದರೆ ಚಪ್ಪಟೆ ಚರ್ಮದ ಮೇಲೂ ಉಬ್ಬಿದ ತೊಟ್ಟಿನಂತೆಯೇ ಕಾಣುತ್ತದೆ. ಅಮೆರಿಕದ ಮೇರಿಲ್ಯಾಂಡಿನ ಫಿಂಕ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿರುವ ವಿನ್ನಿ ಮೈಯರ್ಸ್ ಎಂಬ ಹಚ್ಚೆ ಕಲಾವಿದ ಇದೊಂದೇ ಕೆಲಸಕ್ಕೆ ಹೆಸರಾದವರು, ದೂರದೂರದಿಂದ ಹೆಂಗಸರು ಅವರಲ್ಲಿಗೆ ಹೋಗುತ್ತಾರೆ. ಹಚ್ಚೆ ವರ್ಷಗಳು ಕಳೆದಂತೆ ಮಾಸುತ್ತದೆ, ಮತ್ತೆ ಬಣ್ಣ ತುಂಬಿಸಬೇಕಾಗಬಹುದು. ಅಂಟಿಸಿಕೊಳ್ಳುವ ಸಿಲಿಕೋನ್ ತೊಟ್ಟುಗಳೂ ಸಿಗುತ್ತವೆ. ಮೊದಲು ಅದನ್ನು ಹಾಕಿ ನೋಡಿ, ಮನಸ್ಸು ಏನು ಹೇಳುತ್ತದೋ ನೋಡಿಕೊಂಡು ಮುಂದಿನದನ್ನು ನಿರ್ಧರಿಸಿದರೂ ಆಗುತ್ತದೆ. ಯಾವುದಕ್ಕೂ ಮೊದಲು ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಒಂದು ಮಾತು ತಿಳಿಸಿ.

ಪ್ರಶ್ನೆ: ಎದೆಯ ಆಪರೇಷನ್ ಆದ ಮೇಲೆ ವಿಮಾನ ಹತ್ತಿದರೆ ಗಾಳಿಯ ಒತ್ತಡಕ್ಕೆ ಹೊಲಿಗೆ ಬಿಚ್ಚಿಕೊಳ್ಳುತ್ತದೆಯೇ? — ಬೆಳಗಾವಿ

ಉತ್ತರ: ಇಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದಲ್ಲಿ ಇರುವಷ್ಟೇ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತಷ್ಟು ಅಥವಾ ಅದಕ್ಕಿಂತ ಸ್ವಲ್ಪ ಮೇಲೆ. ಚರ್ಮದ ಹೊಲಿಗೆಗೆ ಅದರಿಂದ ಏನೂ ಆಗದು.

ಎಚ್ಚರ ಬೇಕಾಗಿರುವುದು ಕಾಲಿನ ಬಗ್ಗೆ. ಆಪರೇಷನ್ ಆದ ಮೈಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಕದಲದೆ ಕೂತರೆ ಇನ್ನೂ ಬೇಗ. ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ. ಸ್ತನದ ಶಸ್ತ್ರಚಿಕಿತ್ಸೆಯ ನಂತರ ಐದರಿಂದ ಏಳು ದಿನವಾದರೂ ವಿಮಾನ ಹತ್ತಬೇಡಿ ಎಂಬುದು ಬ್ರಿಟನ್ನಿನ ಆರೋಗ್ಯ ಸೇವೆಯ ಸಲಹೆ. ಕಸಿಯೂ ಇದ್ದರೆ ಮೊದಲ ಉತ್ತರದಲ್ಲಿ ಹೇಳಿದಷ್ಟು ದಿನ ಕಾಯಿರಿ.

ನಡುದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ. ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ನೀರು ಕುಡಿಯಿರಿ. ಬಿಗಿ ಕಾಲುಚೀಲ ಬೇಕೇ, ಹಾರ್ಮೋನ್ ಮಾತ್ರೆ ಅಥವಾ ಇಂಜೆಕ್ಷನ್ ಇದ್ದರೆ ಮುಂದುವರಿಸಬೇಕೇ ಎಂದು ನಿಮ್ಮ ಡಾಕ್ಟರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ. ಚೀಲವನ್ನು ತಲೆಯ ಮೇಲಿನ ಕಪಾಟಿಗೆ ಎತ್ತಿಡುವ ಕೆಲಸವನ್ನು ಬೇರೆಯವರಿಗೆ ಬಿಡಿ. ಆಪರೇಷನ್ ನೋಟ್, ಕೊಟ್ಟ ಔಷಧಿಗಳ ಹೆಸರು, ತೆಗೆದ ಅಂಗಾಂಶದ ಪರೀಕ್ಷಾ ವರದಿ ಈ ಕಾಗದಗಳು ಕೈಚೀಲದಲ್ಲಿರಲಿ, ಫೋಟೋ ಫೋನಿನಲ್ಲಿರಲಿ. ಊರಿಗೆ ಬಂದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ ಬೆಳಗಾಗಲಿ ಎಂದು ಕಾಯದೆ, ಆ ಕ್ಷಣವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.