ಹಾಲಿನ ಖಾತೆಯ ಕಾರ್ಡು, ಮಕ್ಕಳ ಟ್ಯಾಬ್



ಹಾಲಿನ ಬಟವಾಡೆ ಈಗ ನೇರ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ಹಾಗೆಯೇ. ಮಹಾಲಿಂಗಪುರದ ಎಟಿಎಂನಲ್ಲಿ ಹಿಂಡಿ ತರಲೆಂದು ಹಣ ತೆಗೆಯುವ ಆ ಖಾತೆಯ ಡೆಬಿಟ್ ಕಾರ್ಡನ್ನೇ ಮಕ್ಕಳು ಟ್ಯಾಬಿನಲ್ಲಿ ಪಾಠದ ಆ್ಯಪ್ ಕೊಳ್ಳಲು ಕೇಳುತ್ತಾರೆ. ಕೊಡಬಾರದೆಂದಲ್ಲ, ತಿಳಿದು ಕೊಡಬೇಕು.

ಹೊಸ ಕಾರ್ಡು ಎಟಿಎಂ ಹಾಗೂ ಅಂಗಡಿಯ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್ ಖರೀದಿಯ ಸೌಲಭ್ಯವನ್ನು ನಾವೇ ಆರಂಭಿಸಿಕೊಳ್ಳಬೇಕು. ಇದು ರಿಸರ್ವ್ ಬ್ಯಾಂಕ್ 2020ರಲ್ಲಿ ಜಾರಿಗೆ ತಂದ ನಿಯಮ. ಆಗಲೇ ಮಿತಿಯನ್ನೂ ಗೊತ್ತುಪಡಿಸಿರಿ. 200 ರೂಪಾಯಿಯ ಆ್ಯಪಿಗೆ 10,000ದ ಮಿತಿ ಏಕೆ? ಖರೀದಿ ಮುಗಿದೊಡನೆ ಸೌಲಭ್ಯವನ್ನು ಬಂದ್ ಮಾಡಿರಿ.

ನಮ್ಮವರು ಎಡವುವುದು 'ಮೊದಲ ವಾರ ಉಚಿತ' ಎಂಬಲ್ಲಿ. ಅದಕ್ಕೆ ಒಪ್ಪಿ ಕಾರ್ಡಿನ ವಿವರ ಕೊಟ್ಟರೆ, ವಾರ ಕಳೆದ ಮೇಲೆ ಚಂದಾ ಹಣ ತಾನಾಗಿ ಕಡಿತವಾಗತೊಡಗುತ್ತದೆ. ಟ್ಯಾಬಿನಿಂದ ಆ್ಯಪ್ ಅಳಿಸಿದರೂ ಚಂದಾ ನಿಲ್ಲದು. ಪ್ಲೇ ಸ್ಟೋರಿನ ಚಂದಾ ಪಟ್ಟಿಗೆ ಹೋಗಿ ರದ್ದುಪಡಿಸಬೇಕು. ಇಂಥ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕು ತಿಳಿಸಬೇಕೆಂಬ ನಿಯಮ 2021ರ ಅಕ್ಟೋಬರಿನಿಂದ ಇದೆ. ಜಾಹೀರಾತುಗಳ ರಾಶಿಯಲ್ಲಿ ಆ ಸಂದೇಶವನ್ನು ಓದುವವರು ಯಾರು!

ಒಟಿಪಿ ಕೇಳಿ ಯಾರೇ ಫೋನ್ ಮಾಡಿದರೂ ಹೇಳಬೇಡಿರಿ. ನಿಮಗೆ ಗೊತ್ತಿಲ್ಲದೆ ಹಣ ಹೋಗಿದ್ದರೆ ಅಂದೇ ಬ್ಯಾಂಕಿಗೂ 1930 ಸಹಾಯವಾಣಿಗೂ ದೂರು ಕೊಡಿರಿ.