ಚೌಕಾವರಣದ ಫಜೀತಿ: ಬ್ಯಾಕಪ್ ಮತ್ತು ಫೈಲ್ ಹೆಸರುಗಳು

ಶಿಕಾರಿಪುರ ತಾಲೂಕಿನ ತಾಳಗುಂದಕ್ಕೆ ಹೋಗಿ, ಪ್ರಣವೇಶ್ವರ ದೇವಸ್ಥಾನದ ಮುಂದಿರುವ ಕದಂಬರ ಸ್ತಂಭಶಾಸನದ ಫೋಟೊ ತೆಗೆದಿದ್ವಿ. ಸ್ಪಷ್ಟವಾಗಿ ಬಂದದ್ದಕ್ಕೆ ‘ಕಂಬ1’, ಮಸುಕಾದದ್ದಕ್ಕೆ ‘ಕಂಬ[1]’ ಅಂತ ಹೆಸರಿಟ್ವಿ (ಕೊನೆಯ ಜೆಪಿಜಿ ಇಲ್ಲಿ ಬರೆದಿಲ್ಲ). ಆರ್‌ಸಿಂಕ್‌ನಲ್ಲಿ ಬ್ಯಾಕಪ್ ಮಾಡುವಾಗ, ಮಸುಕಾದದ್ದು ಬೇಡ ಅಂತ ‘ಕಂಬ[1]’ ಅನ್ನು ಬಿಡಬೇಕಾದ ಪಟ್ಟಿಗೆ ಸೇರಿಸಿದ್ವಿ. ಆಮೇಲೆ ಕ್ಯಾಮೆರಾ ಕಾರ್ಡ್ ಅಳಿಸಿದ್ವಿ. ಬ್ಯಾಕಪ್ ತೆರೆದು ನೋಡಿದ್ರೆ ಇದ್ದದ್ದು ಮಸುಕಾದ ಫೋಟೊ ಮಾತ್ರ!

ಯಾಕೆ ಹೀಗಾಯ್ತು? ಪ್ಯಾಟರ್ನ್‌ನಲ್ಲಿ ಕೆಲವು ಚಿಹ್ನೆಗಳಿಗೆ ಬೇರೆಯೇ ಅರ್ಥವಿದೆ:

‘*’ : ಸ್ಲ್ಯಾಶ್ ಬಿಟ್ಟು ಏನು ಬೇಕಾದರೂ, ಎಷ್ಟು ಬೇಕಾದರೂ
‘?’ : ಸ್ಲ್ಯಾಶ್ ಬಿಟ್ಟು ಯಾವುದಾದರೂ ಒಂದು
‘[ ]’ : ಒಳಗಿರುವವುಗಳಲ್ಲಿ ಒಂದು
‘\’ : ಮುಂದಿನ ಚಿಹ್ನೆಯನ್ನು ಇದ್ದ ಹಾಗೇ ಓದು

ಹಾಗಾಗಿ ‘ಕಂಬ[1]’ ಪ್ಯಾಟರ್ನ್‌ಗೆ ಹೊಂದುವ ಫೈಲ್ ‘ಕಂಬ1’! ನಾವು ಬರೆಯಬೇಕಿದ್ದದ್ದು ‘ಕಂಬ\[1\]’. ಟರ್ಮಿನಲ್‌ನಲ್ಲಿ ಶೆಲ್ ಆ ‘\’ ನುಂಗದ ಹಾಗೆ ಇಡೀ ಪ್ಯಾಟರ್ನ್ ಅನ್ನು ಸಿಂಗಲ್ ಕೋಟ್‌ಗಳ ಒಳಗೆ ಹಾಕಬೇಕು.

ಕನ್ನಡದ ಹೆಸರಿದ್ದರೆ ‘?’ ಬಗ್ಗೆ ಇನ್ನೂ ಹುಷಾರು. ನಮಗೆ ‘ಕಂ’ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ‘ಕ’ ಮತ್ತು ಅನುಸ್ವಾರ ಸೇರಿ ಎರಡು. ಯುಟಿಎಫ್-8ರಲ್ಲಿ ಆರು ಬೈಟ್. ಪ್ರೋಗ್ರಾಂ ಯಾವುದನ್ನು ಎಣಿಸುತ್ತೋ ಅದರ ಮೇಲೆ ಲೆಕ್ಕ ಬದಲಾಗುತ್ತೆ. ‘*’ ಬಳಸಿದರೆ ಈ ತಲೆನೋವಿಲ್ಲ.

ಕೊನೆಯ ಮಾತು: ಮೊದಲು ‘ಡ್ರೈ ರನ್’ ಮಾಡಿ. ವಿವರ ತೋರಿಸುವ ಆಯ್ಕೆಯನ್ನೂ ಸೇರಿಸಿದರೆ, ಏನನ್ನೂ ನಕಲು ಮಾಡದೆ, ಯಾವ ಫೈಲ್ ಹೋಗುತ್ತೆ ಅಂತ ಪಟ್ಟಿ ಕೊಡುತ್ತೆ. ಬ್ಯಾಕಪ್ ತೆರೆದು ನೋಡಿದ ಮೇಲೆಯೇ ಕಾರ್ಡ್ ಅಳಿಸಿ. ನಾವಂತೂ ಇನ್ನೊಮ್ಮೆ ತಾಳಗುಂದಕ್ಕೆ ಹೋಗ್ಬೇಕು.