‘ಆರಾಮಾಗಿದ್ದೀನಿ’ ಅನ್ನೋ ಮೊದಲು

ಬೆನ್ನು ಕೈಕೊಟ್ಟರೂ ಸುಮ್ಮನೆ ಕೂರಲಾರೆ ಅನ್ನುವ ನಿನ್ನ ಹಟ ನನಗೆ ಇಷ್ಟ ಕಣಪ್ಪ. ಆದರೆ ಅಮೆರಿಕದಲ್ಲಿ ಕಾಯಿಲೆಯಿಂದ ದುಡಿಯಲಾಗದವರಿಗೆ ಸಿಗುವ ಸರ್ಕಾರಿ ಭತ್ಯೆಯಾದ ಎಸ್‌ಎಸ್‌ಡಿಐಗೆ ಅರ್ಜಿ ಹಾಕಿ, ತೀರ್ಮಾನ ಬರುವ ಮೊದಲೇ ಅಂಗಡಿ ಕೆಲಸಕ್ಕೆ ಓಡಿದೆಯಲ್ಲ, ಒಂದು ಮಾತು ಕೇಳಿಸಿಕೊಂಡು ಹೋಗು.

ಆ ಭತ್ಯೆ ಕೊಡುವ ಸೋಶಿಯಲ್ ಸೆಕ್ಯುರಿಟಿಯವರು ಮೊದಲು ನೋಡುವುದೇ ನಿನ್ನ ಸಂಪಾದನೆ. 2025ರಲ್ಲಿ ಅವರ ಮಿತಿ ತಿಂಗಳಿಗೆ 1,620 ಡಾಲರ್ ಇತ್ತು. ಕಣ್ಣು ಕಾಣದವರಿಗೆ 2,700. ಅದೂ ತೆರಿಗೆ ಹಿಡಿಯುವ ಮುಂಚಿನ ಲೆಕ್ಕ. ಆಯಾ ವರ್ಷದ ಮಿತಿ ದಾಟಿದೆಯೋ, ಡಾಕ್ಟರ ಕಾಗದ ಬಿಚ್ಚುವ ಮೊದಲೇ ಅರ್ಜಿ ಬಿದ್ದುಹೋಗಬಹುದು.

ಹಾಗಂತ ಹೆದರಿ ಮೂಲೆ ಹಿಡಿಯಬೇಡ. ಕೆಲಸಕ್ಕೆ ಹೋಗಿ, ಮೈ ಕೇಳದೆ ಆರು ತಿಂಗಳೊಳಗೆ ಬಿಡಬೇಕಾಗಿ ಬಂದರೆ, ಅದನ್ನು ವಿಫಲ ಪ್ರಯತ್ನವೆಂದು ಬದಿಗಿಡುವ ಅವಕಾಶ ನಿಯಮದಲ್ಲೇ ಇದೆ. ಬಿಟ್ಟದ್ದು ಕಾಯಿಲೆಯಿಂದ ಅಂತ ತೋರಿಸಬೇಕು. ನೀನೋ, ಜಂಬಕ್ಕೆ ‘ಕೆಲಸ ಹಿಡಿಸಲಿಲ್ಲ’ ಅಂತ ಬರೆದುಕೊಡುವವನು! ನಮ್ಮವರ ಗುಣವೇ ಅದು. ಎದ್ದು ನಿಲ್ಲಲು ಆಗದಿದ್ದರೂ ಡಾಕ್ಟರು ಕೇಳಿದರೆ ‘ಆರಾಮಾಗಿದ್ದೀನಿ’. ಅವರು ಅದನ್ನೇ ಬರೆದುಕೊಳ್ಳುತ್ತಾರೆ, ನಾಳೆ ಕಡತದಲ್ಲಿ ಅದೇ ಮಾತಾಡುತ್ತದೆ.

ಒಂದು ನೋಟ್‌ಬುಕ್ ಇಡು. ‘ಮಂಗಳವಾರ, ಎರಡು ಗಂಟೆ ನಿಂತೆ, ಎಡಗಾಲು ಮರಗಟ್ಟಿತು, ಮ್ಯಾನೇಜರ್ ಸ್ಟೂಲ್ ಕೊಟ್ಟರು, ಪೆಟ್ಟಿಗೆ ಬೇರೆಯವರು ಎತ್ತಿದರು.’ ಇಷ್ಟು ಸಾಕು. ಆ ಸ್ಟೂಲು, ಆ ಪೆಟ್ಟಿಗೆ ಸಣ್ಣ ವಿಷಯವಲ್ಲ. ಇನ್ನೊಬ್ಬರ ಆಸರೆಯಿಂದ ನಡೆದ ಕೆಲಸವನ್ನು ಪೂರ್ತಿ ಕೆಲಸವೆಂದು ತೂಗದೆ ಇರಲು ಅದೇ ಆಧಾರ.

ಹಣ ಮಂಜೂರಾದ ಮೇಲೆ ದಾರಿ ಇನ್ನೂ ಸಲೀಸು. 60 ತಿಂಗಳ ಅವಧಿಯಲ್ಲಿ 9 ತಿಂಗಳು ದುಡಿದು ನೋಡಬಹುದು. ಎಷ್ಟೇ ಸಂಪಾದಿಸಿದರೂ ಆ ತಿಂಗಳುಗಳ ಪೂರ್ತಿ ಹಣ ಬರುತ್ತದೆ. 2025ರಲ್ಲಿ 1,160 ಡಾಲರ್ ಮೀರಿದ ತಿಂಗಳು ಮಾತ್ರ ಆ ಒಂಬತ್ತರ ಲೆಕ್ಕಕ್ಕೆ ಬರುತ್ತಿತ್ತು. ಅದೆಲ್ಲ ಮುಗಿದ ಮೇಲೆ ದುಡಿಮೆಯಿಂದ ಹಣ ನಿಂತು, ಅದೇ ಕಾಯಿಲೆಯಿಂದ ಮತ್ತೆ ಕೂರುವಂತಾದರೆ 5 ವರ್ಷದೊಳಗೆ ಹೊಸ ಅರ್ಜಿಯಿಲ್ಲದೆ ಮತ್ತೆ ಶುರುಮಾಡಿ ಎಂದು ಕೇಳಬಹುದು. ಎಸ್‌ಎಸ್‌ಐ ಎಂಬ ಕಡಿಮೆ ಆದಾಯದವರ ಭತ್ಯೆ ಪಡೆಯುವ ನಿನ್ನ ಗೆಳೆಯನಿಗೆ ಈ 9 ತಿಂಗಳ ಮಾತು ಹೇಳಿಬಿಡಬೇಡ, ಅದರ ಲೆಕ್ಕವೇ ಬೇರೆ.

ಮುಚ್ಚಿಟ್ಟರೆ ಮಾತ್ರ ಕೆಟ್ಟೆ. ಹೆಚ್ಚು ಬಂದ ಹಣವನ್ನು ವರ್ಷಗಳಾದ ಮೇಲೂ ವಾಪಸ್ ಕೇಳುತ್ತಾರೆ, ಅಷ್ಟರಲ್ಲಿ ಅದು ಬಾಡಿಗೆಗೂ ಔಷಧಿಗೂ ಕರಗಿರುತ್ತದೆ. ಅದಕ್ಕೇ ಕೆಲಸ ಹಿಡಿದ ಸಂಗತಿಯನ್ನು ಇವತ್ತೇ ತಿಳಿಸು, ಸಂಬಳದ ಚೀಟಿ ಕಳಿಸು, ತಿಳಿಸಿದ್ದಕ್ಕೆ ರಸೀದಿ ಕೇಳಿ ಇಸ್ಕೋ.